104 ಅಂದರೆ ಎಷ್ಟಕ್ಕೆ? ಇಂಗ್ಲೆಂಡಿನ ಶಾಲೆಯ ಅಂಕಗಳನ್ನು ಓದುವುದು ಹೇಗೆ

ಮೊಮ್ಮಗಳಿಗೆ ಗಣಿತದಲ್ಲಿ 104 ಬಂತು ಅಂತ ಫೋನಿನಲ್ಲಿ ಹೇಳಿದಾಗ ನಮ್ಮ ಅಮ್ಮ ಕೇಳಿದ್ದು ಒಂದೇ ಮಾತು: "ಎಷ್ಟಕ್ಕೆ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನೂರಕ್ಕೆ ಅಂದರೆ ನಗ್ತಾರೆ. ನೂರಿಪ್ಪತ್ತಕ್ಕೆ ಅಂದರೆ ಸುಳ್ಳಾಗುತ್ತದೆ.

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಬಹಳಷ್ಟು ಜನ ಇಲ್ಲೇ ಎಡವುತ್ತಾರೆ. ಇಲ್ಲಿ ಇಯರ್ 6 ಮಕ್ಕಳಿಗೆ, ಅಂದರೆ ಹತ್ತು-ಹನ್ನೊಂದು ವಯಸ್ಸಿನವರಿಗೆ, ಮೇ ತಿಂಗಳಲ್ಲಿ ಸ್ಯಾಟ್ಸ್ ಪರೀಕ್ಷೆ ಇರುತ್ತದೆ. ಅಮೆರಿಕದ ಸ್ಯಾಟ್‌ಗೂ ಇದಕ್ಕೂ ಸಂಬಂಧ ಇಲ್ಲ. ರೀಡಿಂಗ್‌ಗೆ 50 ಅಂಕ, ವ್ಯಾಕರಣ ಮತ್ತು ಸ್ಪೆಲ್ಲಿಂಗ್‌ಗೆ 70, ಗಣಿತಕ್ಕೆ 110. ಆದರೆ ಜುಲೈನಲ್ಲಿ ಮನೆಗೆ ಬರುವ ರಿಪೋರ್ಟ್‌ನಲ್ಲಿ ಮುಖ್ಯವಾಗಿ ಕಾಣುವುದು ಈ ಅಂಕ ಅಲ್ಲ. ಅದನ್ನು 80ರಿಂದ 120ರವರೆಗಿನ ಒಂದು ಅಳತೆಗೆ ಬದಲಾಯಿಸಿರುತ್ತಾರೆ. ಅದಕ್ಕೆ ಸ್ಕೇಲ್ಡ್ ಸ್ಕೋರ್ ಅಂತ ಹೆಸರು. 100 ಬಂದರೆ ಆ ವಯಸ್ಸಿಗೆ ಇಷ್ಟು ಬರಬೇಕು ಅನ್ನುವ ಮಟ್ಟ ಮುಟ್ಟಿದಂತೆ. ಪಕ್ಕದಲ್ಲಿ 'ಎಎಸ್' ಅಂತ ಇದ್ದರೆ ಮುಟ್ಟಿದ್ದಾಳೆ, 'ಎನ್‌ಎಸ್' ಅಂತ ಇದ್ದರೆ ಇಲ್ಲ. 110 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೇಲಿನ ಮಟ್ಟ.

ಸರಿ, 100 ಬರಲು ಎಷ್ಟು ಅಂಕ ತೆಗೀಬೇಕು? ಅದು ವರ್ಷವರ್ಷಕ್ಕೂ ಬೇರೆ. ರೀಡಿಂಗ್‌ನಲ್ಲಿ 2016ರಲ್ಲಿ 50ಕ್ಕೆ 21 ಸಾಕಿತ್ತು. 2017ರಲ್ಲಿ 26 ಬೇಕಾಯಿತು, 2019ರಲ್ಲಿ 28. 2023ರ ಪತ್ರಿಕೆ ಕಷ್ಟ ಇತ್ತು, ಮಕ್ಕಳು ಅತ್ತರು ಅಂತ ಪೇಪರ್‌ಗಳಲ್ಲೆಲ್ಲ ಬಂತು. ಆ ವರ್ಷ ಗೆರೆ 24ಕ್ಕೆ ಇಳಿಯಿತು.

ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಅಂದರೆ 35. ಪತ್ರಿಕೆ ಸುಲಭ ಇರಲಿ, ಕಷ್ಟ ಇರಲಿ, ಗೆರೆ ಕದಲುತ್ತಿರಲಿಲ್ಲ. ತೀರಾ ಕಷ್ಟ ಆದರೆ ಗ್ರೇಸ್ ಮಾರ್ಕ್ಸ್‌ಗೆ ಕಾಯುತ್ತಿದ್ದೆವು. ಇಲ್ಲಿನ ಲೆಕ್ಕ ತಿರುಗುಮುರುಗು. ಹೊಸ ಪಠ್ಯಕ್ರಮದ ಮೊದಲ ಪರೀಕ್ಷೆ ನಡೆದ 2016ರಲ್ಲಿ ಶಿಕ್ಷಕರನ್ನು ಕೂರಿಸಿ, ಯಾವ ಪ್ರಶ್ನೆವರೆಗೆ ಉತ್ತರಿಸಿದರೆ ಮಗುವಿಗೆ ಸಾಕಷ್ಟು ಬರುತ್ತದೆ ಅಂತ ಗುರುತು ಹಾಕಿಸಿದರು. ಆಮೇಲಿನ ವರ್ಷಗಳಲ್ಲಿ ಹೊಸ ಗೆರೆ ಎಳೆಯುವುದಿಲ್ಲ. ಈ ಸಲದ ಪತ್ರಿಕೆ ಹಿಂದಿನದಕ್ಕಿಂತ ಎಷ್ಟು ಕಷ್ಟ ಅಂತ ಲೆಕ್ಕ ಹಾಕಿ, ಅದೇ ಗೆರೆ ಎಷ್ಟು ಅಂಕದ ಮೇಲೆ ಬೀಳುತ್ತದೆ ಅಂತ ನೋಡುತ್ತಾರೆ. ಹಾಗಾಗಿ ದೊಡ್ಡ ಮಗನಿಗೆ 2019ರಲ್ಲಿ 28 ಬಂದಿದ್ದರೆ, ಚಿಕ್ಕವಳಿಗೆ 2023ರಲ್ಲಿ 24 ಬಂದಿದ್ದರೆ, ಇಬ್ಬರೂ ಒಂದೇ. ಮನೆಯಲ್ಲಿ ಜಗಳ ಬೇಡ.

ಇಲ್ಲಿ ಗೆರೆಯನ್ನು ಪರೀಕ್ಷೆಗೆ ಮೊದಲು ಹೇಳುವುದೂ ಇಲ್ಲ. ಯಾಕೆ ಅನ್ನುವುದಕ್ಕೆ ಇಯರ್ 1ರ ಫೋನಿಕ್ಸ್ ಚೆಕ್ (ಅಕ್ಷರಗಳ ಸದ್ದು ಕೂಡಿಸಿ ಪದ ಓದುವ ಪರೀಕ್ಷೆ) ನೋಡಿ. ಶಿಕ್ಷಕರ ಎದುರು ಕೂತು 40 ಪದ ಓದಬೇಕು. ಅದರಲ್ಲಿ ಅರ್ಧ ಅರ್ಥವೇ ಇಲ್ಲದ ಪದಗಳು. 2012ರಲ್ಲಿ ಶುರು ಮಾಡಿದಾಗ 32 ಸರಿ ಇದ್ದರೆ ಸಾಕು ಅಂತ ಎಲ್ಲರಿಗೂ ಗೊತ್ತಿತ್ತು. ಫಲಿತಾಂಶದ ಗ್ರಾಫ್ ನೋಡಿದರೆ 31 ಬಂದವರು ಕಡಿಮೆ, 32ರ ಹತ್ತಿರ ಇದ್ದಕ್ಕಿದ್ದಂತೆ ಗುಡ್ಡ! ಎದುರಿಗೆ ಕೂತ ಐದು ವರ್ಷದ ಮಗು ಒಂದೇ ಪದಕ್ಕೆ ಬೀಳುತ್ತಿದ್ದರೆ ಯಾವ ಟೀಚರ್ ಮನಸ್ಸು ತಡೆದೀತು, ಅಲ್ವಾ? 2014ರಿಂದ ಗೆರೆಯನ್ನು ಪರೀಕ್ಷೆ ಮುಗಿದ ಮೇಲೆ ಹೇಳಲು ಶುರು ಮಾಡಿದರು. ತಮಾಷೆ ಏನಂದರೆ ಆಮೇಲೂ ಅದು 32 ಆಗಿಯೇ ಉಳಿಯಿತು. ದಾಟದಿದ್ದರೆ ಗಾಬರಿ ಬೇಡ, ಇಯರ್ 2ರಲ್ಲಿ ಇನ್ನೊಂದು ಸಲ ಇದೆ. ಇಯರ್ 4ರ ಮಗ್ಗಿ ಪರೀಕ್ಷೆಗಂತೂ (25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡ್) ಪಾಸು-ಫೇಲಿನ ಗೆರೆಯೇ ಇಲ್ಲ.

ಈಗ ನಿಜವಾದ ಗೊಂದಲ. ಎಷ್ಟೋ ಶಾಲೆಗಳು ಟರ್ಮ್‌ಗೊಂದು ಪರೀಕ್ಷೆಯನ್ನು ಹೊರಗಿನಿಂದ ಕೊಂಡು ಮಾಡಿಸುತ್ತವೆ. ಅದರಲ್ಲೂ 100 ಅಂತ ಬರುತ್ತದೆ. ಆದರೆ ಆ 100 ಬೇರೆ! ಅಲ್ಲಿ 100 ಅಂದರೆ ದೇಶದ ಅದೇ ವಯಸ್ಸಿನ ಮಕ್ಕಳ ಸರಾಸರಿ. ಸ್ಯಾಟ್ಸ್‌ನಲ್ಲಿ 100 ಅಂದರೆ ಮುಟ್ಟಬೇಕಾದ ಮಟ್ಟ. ಬಕಿಂಗ್‌ಹ್ಯಾಮ್‌ಶೈರ್‌ನ ಗ್ರಾಮರ್ ಶಾಲೆಗಳ (ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಸೆಕೆಂಡರಿ ಶಾಲೆಗಳು) ಪ್ರವೇಶಕ್ಕಿರುವ ಇಲೆವನ್ ಪ್ಲಸ್ ಪರೀಕ್ಷೆಯಲ್ಲಿ ಬೇಕಾದ 121 ಇನ್ನೂ ಬೇರೆ ಅಳತೆ. ನಾನು ಒಂದು ವರ್ಷ ಪೂರ್ತಿ ಈ ಮೂರನ್ನೂ ಒಂದೇ ಅಂದುಕೊಂಡು ಹೆಂಡತಿಗೆ ಪಾಠ ಹೇಳಿದ್ದೇನೆ.

ಆದ್ದರಿಂದ ಪೇರೆಂಟ್ಸ್ ಈವ್ನಿಂಗ್‌ನಲ್ಲಿ "ಎಷ್ಟು ಬಂತು" ಅನ್ನುವುದಕ್ಕಿಂತ "ಇದು ಯಾವ ಪರೀಕ್ಷೆ, ಗೆರೆ ಎಲ್ಲಿದೆ, ಯಾರು ಎಳೆದರು" ಅಂತ ಕೇಳಿ. ರೈಟಿಂಗ್‌ಗೆ ಪರೀಕ್ಷೆಯೇ ಇಲ್ಲ, ಟೀಚರ್ ವರ್ಷದ ಬರವಣಿಗೆ ನೋಡಿ ಹೇಳುತ್ತಾರೆ. ಸ್ಯಾಟ್ಸ್‌ನಲ್ಲಿ ತೆಗೆದ ಮೂಲ ಅಂಕ ಬೇಕಾದರೆ ಶಾಲೆಯನ್ನು ಕೇಳಿ. ಅದನ್ನು ಸ್ಕೇಲ್ಡ್ ಸ್ಕೋರ್‌ಗೆ ಬದಲಾಯಿಸುವ ಪಟ್ಟಿ ಜುಲೈನಲ್ಲಿ ಸರ್ಕಾರದ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಇನ್ನೊಂದು ಸಮಾಧಾನ: ಸಾಮಾನ್ಯ ಸರ್ಕಾರಿ ಸೆಕೆಂಡರಿ ಶಾಲೆಯ ಸೀಟು ಈ ಅಂಕದ ಮೇಲೆ ನಿಂತಿಲ್ಲ. ಮೇ ಪರೀಕ್ಷೆಗೆ ಮೊದಲೇ, ಮಾರ್ಚ್‌ನಲ್ಲೇ ಅದು ಗೊತ್ತಾಗಿರುತ್ತದೆ.

ಅಮ್ಮನಿಗೆ ಕೊನೆಗೆ ಹೇಳಿದೆ: "ಪಾಸಾಗಿದ್ದಾಳಮ್ಮ, ಗೆರೆಗಿಂತ ಸ್ವಲ್ಪ ಮೇಲೆ." ಅವರು ಬಿಡಲಿಲ್ಲ. "ಸರಿ, ಕ್ಲಾಸಿಗೆ ಎಷ್ಟನೆಯವಳು?" ಇಲ್ಲಿ ರ‍್ಯಾಂಕ್ ಹೇಳುವುದಿಲ್ಲ ಅಂದೆ. ಇವತ್ತಿಗೂ ಅವರು ಅದನ್ನು ನಂಬಿಲ್ಲ.