ಕುತ್ತಿಗೆಯ ಪುಟ್ಟ ಗಂಟು ನೋಡಿ ನಾನು ಸಕ್ಕರೆ ಪರೀಕ್ಷೆ ಬರೆಯುವುದೇಕೆ

ನಾನು ಚರ್ಮರೋಗದ ಡಾಕ್ಟರ್. ಕುತ್ತಿಗೆ ಸುತ್ತ, ಕಂಕುಳಲ್ಲಿ, ಕಣ್ಣಿನ ರೆಪ್ಪೆಯ ಮೇಲೆ ಜೋತುಬಿದ್ದ ಮೆತ್ತನೆಯ ಪುಟ್ಟ ಗಂಟುಗಳನ್ನು ತೋರಿಸಲು ಬರುವವರು ನಮ್ಮಲ್ಲಿ ತುಂಬಾ ಜನ. ನಾವು ಇದನ್ನು ಸ್ಕಿನ್ ಟ್ಯಾಗ್ ಅನ್ನುತ್ತೇವೆ. ಬಂದವರು ಕೇಳುವುದು ಎರಡೇ ಪ್ರಶ್ನೆ. "ಇದು ಕ್ಯಾನ್ಸರಾ ಡಾಕ್ಟ್ರೇ?" "ಇವತ್ತೇ ತೆಗೀತೀರಾ?" ಕ್ಯಾನ್ಸರ್ ಅಲ್ಲ. ಇವತ್ತೇ ತೆಗೆಯಬಹುದು. ಆದರೆ ಕತ್ತರಿ ಹಿಡಿಯುವ ಮೊದಲು ನಾನು ಮಾಡುವ ಒಂದಷ್ಟು ಕೆಲಸ ಇದೆ.

ಮೊದಲು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡುತ್ತೇನೆ. ವೈರಸ್‌ನಿಂದ ಬಂದ ನರಹುಲಿಯಾದರೆ ಅದರ ದಾರಿಯೇ ಬೇರೆ, ಅದು ಹರಡುತ್ತದೆ. ಸ್ಕಿನ್ ಟ್ಯಾಗ್ ಹರಡುವುದಿಲ್ಲ. ಒಳಗೆ ಇರುವುದು ಸಡಿಲವಾದ ಕೊಲಾಜೆನ್ ಅನ್ನುವ ನಾರು ಮತ್ತು ಸಣ್ಣ ರಕ್ತನಾಳ, ಅಷ್ಟೇ. ಆಮೇಲೆ ಕುತ್ತಿಗೆಯ ಹಿಂಭಾಗ ನೋಡುತ್ತೇನೆ. ಅಲ್ಲಿ ಚರ್ಮ ಕಪ್ಪಾಗಿ, ದಪ್ಪಗಾಗಿದ್ದರೆ ಟೇಪ್ ತೆಗೆದು ಸೊಂಟದ ಸುತ್ತಳತೆ ಅಳೆಯುತ್ತೇನೆ. ನಮ್ಮ ದೇಶದವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯ ಬೊಜ್ಜು ಅಂತ ಲೆಕ್ಕ. ಬಿಪಿ ನೋಡಿ, ಖಾಲಿ ಹೊಟ್ಟೆಯ ಸಕ್ಕರೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಪರೀಕ್ಷೆ ಬರೆಯುತ್ತೇನೆ. ಎಚ್‌ಬಿಎ1ಸಿ 5.7ರಿಂದ 6.4%ರ ಒಳಗೆ ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 6.5 ಅಥವಾ ಅದಕ್ಕಿಂತ ಜಾಸ್ತಿ ಆದರೆ ಕಾಯಿಲೆಯೇ. ಕುತ್ತಿಗೆಯ ಗಂಟು ತೋರಿಸಲು ಬಂದು, ತನಗೆ ಸಕ್ಕರೆ ಇದೆ ಅಂತ ಮೊದಲ ಸಲ ತಿಳಿದುಕೊಂಡು ಹೋದವರು ನನ್ನ ಹತ್ತಿರ ಇದ್ದಾರೆ. ಅದಕ್ಕೇ ಈ ಹಂತವನ್ನು ನಾನು ಯಾರಲ್ಲೂ ತಪ್ಪಿಸುವುದಿಲ್ಲ.

"ಚರ್ಮದ ಗಂಟಿಗೂ ಸಕ್ಕರೆಗೂ ಏನು ಸಂಬಂಧ?" ಅಂತ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತಿಗೆ ದೇಹ ಸರಿಯಾಗಿ ಓಗೊಡದಿದ್ದಾಗ, ಅದನ್ನು ತಯಾರಿಸುವ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಚರ್ಮದ ಕೋಶಗಳಿಗೆ "ಬೆಳೆಯಿರಿ" ಅನ್ನುತ್ತದೆ. ಇದರ ಜೊತೆಗೆ ಆಕ್ಸಿಡೇಟಿವ್ ಸ್ಟ್ರೆಸ್ ಸೇರಿಕೊಳ್ಳುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಸೀಸ್ 1985ರಲ್ಲಿ ಈ ಪರಿಕಲ್ಪನೆಯನ್ನು ಮುಂದಿಟ್ಟರು. ಕೋಶದಲ್ಲಿ ಆಮ್ಲಜನಕದಿಂದ ಹುಟ್ಟುವ ಚುರುಕು ಕಣಗಳು ಮತ್ತು ಅವನ್ನು ತಣಿಸುವ ಕಿಣ್ವಗಳ ನಡುವಿನ ಸಮತೋಲನ ತಪ್ಪುವುದು ಅಂತ ಅರ್ಥ. ರಕ್ತದಲ್ಲಿ ಸಕ್ಕರೆ, ಕೊಬ್ಬು ಏರಿದಾಗ ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದಿಂದ ಇಂಥ ಕಣ ಜಾಸ್ತಿ ಹೊರಬೀಳುತ್ತವೆ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಮುಂದಿನ ವಿಷಯ. ಈ ಕಣಗಳು ಬರೀ ಹಾನಿ ಮಾಡುವುದಿಲ್ಲ. ಅವುಗಳಲ್ಲಿ ಒಂದಾದ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಪ್ರಮಾಣದಲ್ಲಿದ್ದರೆ ಕೋಶದೊಳಗೆ ಸಂದೇಶ ಸಾಗಿಸುತ್ತದೆ. ಬೆಳವಣಿಗೆಯ ಸೂಚನೆಯನ್ನು ನಿಲ್ಲಿಸುವ ಕಿಣ್ವಗಳು ಇವೆ, ಸೈಕಲ್ಲಿನ ಬ್ರೇಕ್ ಇದ್ದ ಹಾಗೆ. ಪೆರಾಕ್ಸೈಡ್ ಆ ಬ್ರೇಕನ್ನು ಸಡಿಲ ಮಾಡುತ್ತದೆ. ಇನ್ಸುಲಿನ್ನಿನ "ಬೆಳೆಯಿರಿ" ಅನ್ನುವ ಸೂಚನೆ ಬೇಗ ನಿಲ್ಲುವುದಿಲ್ಲ. ಕುತ್ತಿಗೆ, ಕಂಕುಳಲ್ಲಿ ಚರ್ಮ ಚರ್ಮಕ್ಕೆ ಉಜ್ಜುವುದೂ ಸೇರಿತು ಅಂದರೆ ಗಂಟು ಅಲ್ಲೇ ಯಾಕೆ ಹುಟ್ಟುತ್ತದೆ ಅಂತ ಊಹಿಸಬಹುದು, ಅಲ್ವಾ?

ಊಹಿಸಬಹುದು ಅಂತಲೇ ಬರೆದೆ. ಪಿ.ಜಿ. ಓದುವಾಗ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಮ್ಯಾಲೊನ್‌ಡೈಆಲ್ಡಿಹೈಡ್ ಅಳೆಯುವುದನ್ನು ಕಲಿತಿದ್ದೆ. ಕೊಬ್ಬು ಆಕ್ಸಿಡೀಕರಣಗೊಂಡಾಗ ಉಳಿಯುವ ಪದಾರ್ಥ ಅದು, ಆಕ್ಸಿಡೇಟಿವ್ ಸ್ಟ್ರೆಸ್ಸಿನ ಗುರುತು. ಥಯೋಬಾರ್ಬಿಟ್ಯೂರಿಕ್ ಆಮ್ಲ ಹಾಕಿ ಕಾಯಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಅದನ್ನು 532 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. ರಕ್ತಕಣ ಒಡೆದ ಸ್ಯಾಂಪಲ್ ಆದರೆ ಫಲಿತಾಂಶವೇ ಕೆಡುತ್ತದೆ. ಈ ಪದಾರ್ಥ ಸಿಗರೇಟು ಸೇದುವವರಲ್ಲೂ ಜಾಸ್ತಿ, ಸಕ್ಕರೆ ಇರುವವರಲ್ಲೂ ಜಾಸ್ತಿ. ಸ್ಕಿನ್ ಟ್ಯಾಗ್ ಇರುವವರಲ್ಲಿ ಇಂಥ ಗುರುತುಗಳು ಏರಿವೆ ಅಂತ ತೋರಿಸಿದ ಸಣ್ಣ ಅಧ್ಯಯನಗಳಿವೆ. ಆದರೆ ಅಂಥವರಲ್ಲಿ ತೂಕ, ಇನ್ಸುಲಿನ್ ಕೂಡ ಏರಿರುವುದೇ ಹೆಚ್ಚು. ಯಾವುದು ಮೊದಲು, ಯಾವುದು ಆಮೇಲೆ ಅಂತ ಬಿಡಿಸುವುದು ಕಷ್ಟ. ಹಾಗಾಗಿ ರೋಗಿಗಳಿಗೆ ಈ ಪರೀಕ್ಷೆಯನ್ನು ನಾನು ಬರೆಯುವುದೇ ಇಲ್ಲ. ಆ ದುಡ್ಡು ಎಚ್‌ಬಿಎ1ಸಿಗೆ ಹೋಗಲಿ.

ಆ ಚುರುಕು ಕಣಗಳನ್ನು ತಣಿಸಲೆಂದು ಮಾರುವ ಆಂಟಿಆಕ್ಸಿಡೆಂಟ್ ಮಾತ್ರೆಯನ್ನೂ ಬರೆಯುವುದಿಲ್ಲ. ಇದರಲ್ಲಿ ನನ್ನ ನಿಲುವು ಗಟ್ಟಿ. ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೋಟಿನ್ ಅನ್ನುವ ಆಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು 18% ಜಾಸ್ತಿ ಆಗಿತ್ತು. ಮಾತ್ರೆ ನುಂಗಿ ಚರ್ಮದ ಗಂಟು ಉದುರಿದ್ದನ್ನು ನಾನಂತೂ ನೋಡಿಲ್ಲ. ಸೊಪ್ಪು, ಕಾಳು, ನೆಲ್ಲಿಕಾಯಿ ತಿನ್ನಿ, ಊಟದ ಮೇಲೆ ನಡೆಯಿರಿ ಅನ್ನುತ್ತೇನೆ. ತೂಕ ಇಳಿದರೆ ಕುತ್ತಿಗೆಯ ಕಪ್ಪು ತಿಳಿಯಾಗುತ್ತದೆ. ಆದರೆ ಈಗಾಗಲೇ ಬಂದ ಗಂಟು ತಾನಾಗಿ ಹೋಗುವುದಿಲ್ಲ ಅಂತಲೂ ಮೊದಲೇ ಹೇಳುತ್ತೇನೆ.

ತೆಗೆಯುವ ಕೆಲಸ ಸುಲಭ. ಮರಗಟ್ಟಿಸುವ ಕ್ರೀಮ್ ಹಚ್ಚಿ, ಸಣ್ಣದನ್ನು ಕತ್ತರಿಯಿಂದ ಕತ್ತರಿಸುತ್ತೇನೆ. ಬುಡ ಅಗಲವಿದ್ದರೆ ಇಂಜೆಕ್ಷನ್ ಕೊಟ್ಟು ರೇಡಿಯೋಫ್ರೀಕ್ವೆನ್ಸಿ ಯಂತ್ರದ ಶಾಖದಿಂದ ತೆಗೆಯುತ್ತೇನೆ. ದ್ರವ ಸಾರಜನಕ ಹಾಕಿ ಗಂಟನ್ನು ಹೆಪ್ಪುಗಟ್ಟಿಸಿ ತೆಗೆಯುವುದೂ ಇದೆ. ಅದರ ಉಷ್ಣತೆ ಮೈನಸ್ 196 ಡಿಗ್ರಿ. ಬಣ್ಣ ಕೊಡುವ ಕೋಶಗಳು ಚಳಿಗೆ ಬೇಗ ಸಾಯುತ್ತವೆ. ನಮ್ಮ ಕಂದು ಚರ್ಮದಲ್ಲಿ ಬಿಳಿ ಕಲೆ ಉಳಿದುಬಿಡಬಹುದು. ಅದಕ್ಕೆ ಮುಖ, ಕುತ್ತಿಗೆಗೆ ನಾನು ಅದನ್ನು ಬಳಸುವುದಿಲ್ಲ. ಮನೆಯಲ್ಲಿ ಸುಣ್ಣ, ವಾಷಿಂಗ್ ಸೋಡಾ ಕಲಸಿ ಹಚ್ಚುವವರಿಗೆ ದಯವಿಟ್ಟು ಬೇಡ ಅಂತ ಬೇಡಿಕೊಳ್ಳುತ್ತೇನೆ. ಗಂಟಿನ ಜೊತೆ ಸುತ್ತಲಿನ ಚರ್ಮವೂ ಸುಡುತ್ತದೆ.

ವಯಸ್ಸಾದವರ ಬೆನ್ನು, ಎದೆಯ ಮೇಲೆ ಅಂಟಿಸಿದಂತೆ ಕಾಣುವ ಕಂದು ಗಂಟುಗಳು ಬೇರೆ. ಅವು ಸೆಬೊರಿಕ್ ಕೆರಟೋಸಿಸ್. ಹಲವರ ಕೆನ್ನೆಯ ಮೇಲಿನ ಚಿಕ್ಕ ಕಪ್ಪು ಬೊಟ್ಟುಗಳೂ ಅದೇ ಕುಟುಂಬದವು. ಇವುಗಳಲ್ಲಿ ಬೆಳವಣಿಗೆಯ ಜೀನ್‌ಗಳೇ ಬದಲಾಗಿರುತ್ತವೆ. ಇಲ್ಲಿ ಆಕ್ಸಿಡೀಕರಣ ಮದ್ದೂ ಆಗಬಲ್ಲದು. 2017ರ ಕೊನೆಗೆ ಅಮೆರಿಕದಲ್ಲಿ 40% ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣಕ್ಕೆ ಇದೇ ಗಂಟಿನ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಕಂಪನಿ ಮಾರಾಟ ನಿಲ್ಲಿಸಿತು. ಇದನ್ನು ಓದಿ ಮೆಡಿಕಲ್ ಶಾಪಿನ ಪೆರಾಕ್ಸೈಡ್ ಬಾಟಲಿ ತಂದು ಹಚ್ಚಿಕೊಳ್ಳಬೇಡಿ. ಅದು ತೀರಾ ತೆಳು, ಚರ್ಮ ಕೆರಳಿಸುತ್ತದೆ ಅಷ್ಟೇ.

ಕೆಲವೇ ತಿಂಗಳಲ್ಲಿ ಇಂಥ ಕಂದು ಗಂಟುಗಳು ತುರಿಕೆಯೊಂದಿಗೆ ಮೈತುಂಬಾ ಎದ್ದರೆ, ಒಳಗೆಲ್ಲಾದರೂ ಕ್ಯಾನ್ಸರ್ ಇದೆಯಾ ಅಂತ ಫಿಸಿಷಿಯನ್ ಹತ್ತಿರ ಪೂರ್ತಿ ಪರೀಕ್ಷೆ ಮಾಡಿಸುತ್ತೇನೆ. ಒಂದೇ ಗಂಟಿನಲ್ಲಿ ಹಲವು ಬಣ್ಣ, ಹರಿದ ಅಂಚು, ರಕ್ತ ಕಂಡರೆ ಅದನ್ನು ಸುಡುವುದಿಲ್ಲ. ಸುಟ್ಟರೆ ನೋಡಲು ಏನೂ ಉಳಿಯುವುದಿಲ್ಲ. ಕತ್ತರಿಸಿ, ತುಣುಕು ಕೆಡದಂತೆ ಫಾರ್ಮಲಿನ್‌ಗೆ ಹಾಕಿ ಬಯಾಪ್ಸಿಗೆ ಕಳಿಸುತ್ತೇನೆ. ವರದಿ ಬರುವವರೆಗೆ ಉಳಿದ ಗಂಟುಗಳನ್ನು ಮುಟ್ಟುವುದಿಲ್ಲ.