ವೆಬ್ ಬರುವ ಮುಂಚೆ ಊರಿನ ಸುದ್ದಿ ಟೈಪ್ ಮಾಡಿದ್ದು

1991ರಲ್ಲಿ ನಾನು ಅಮೆರಿಕದ ಪೂರ್ವ ಕರಾವಳಿಯಲ್ಲಿ ಓದುತ್ತಿದ್ದೆ. ಮನೆಯವರು ಕಳಿಸುವ ಪೇಪರ್ ಕಟ್ಟು ಕೈಗೆ ಸಿಗುವಷ್ಟರಲ್ಲಿ ಎರಡು ವಾರ ಹಳೆಯದಾಗಿರುತ್ತಿತ್ತು. ಆದರೂ ನಮಗೆ ಅದೇ ತಾಜಾ. ಕಟ್ಟು ಬಂದ ರಾತ್ರಿ ಲ್ಯಾಬಿಗೆ ಹೋಗಿ, ಮುಖ್ಯ ಸುದ್ದಿಗಳನ್ನು ಚಿಕ್ಕದು ಮಾಡಿ ಟೈಪ್ ಮಾಡಿ, ಯೂಸ್‌ನೆಟ್ ಅನ್ನೋ ಕಂಪ್ಯೂಟರ್ ಚರ್ಚಾ ಜಾಲದಲ್ಲಿ ಭಾರತೀಯರು ಸೇರುತ್ತಿದ್ದ ಸಾಕ್.ಕಲ್ಚರ್.ಇಂಡಿಯನ್ ಗುಂಪಿಗೆ ಹಾಕುತ್ತಿದ್ದೆ. ಮೇಲೆ ಇಂಗ್ಲಿಷ್, ಕೆಳಗೆ ನಮ್ಮವರಿಗೆ ಅಂತ ಕನ್ನಡ.

ಕನ್ನಡ ಅಂದರೆ ರೋಮನ್ ಅಕ್ಷರದಲ್ಲಿ. ಆ ಟರ್ಮಿನಲ್‌ಗೆ ನಮ್ಮ ಲಿಪಿ ಗೊತ್ತಿರಲಿಲ್ಲ. ಚಿಕ್ಕ ಎಲ್ ಅಂದರೆ ಲ, ದೊಡ್ಡ ಎಲ್ ಅಂದರೆ ಳ. ಒಂದು ಸಲ ಶಿಫ್ಟ್ ಒತ್ತುವುದು ತಪ್ಪಿ 'ರಾಗಿ ಬೆಳೆ ಕಡಿಮೆ' ಅನ್ನೋದು 'ರಾಗಿ ಬೆಲೆ ಕಡಿಮೆ' ಅಂತ ಹೋಯಿತು. ಅರ್ಥವೇ ಉಲ್ಟಾ ಅಲ್ವಾ? ಬೆಳೆ ಕಡಿಮೆಯಾದರೆ ಬೆಲೆ ಏರುತ್ತೆ. ವಾಪಸ್ ತೆಗೆಯೋಣ ಅಂದರೆ ಅಷ್ಟರಲ್ಲಿ ಎಷ್ಟೋ ಕಡೆ ಪ್ರತಿ ಹೋಗಿಬಿಟ್ಟಿತ್ತು. 'ತಿದ್ದುಪಡಿ' ಅಂತ ಇನ್ನೊಂದು ಹಾಕಿದೆ. ಆಮೇಲೆ ಕಳಿಸುವ ಮುಂಚೆ ಪ್ರತಿ ಸಾಲನ್ನೂ ಬಾಯಿಬಿಟ್ಟು ಓದುತ್ತಿದ್ದೆ.

ಯೂಸ್‌ನೆಟ್‌ಗೆ ಒಂದೇ ಮನೆ ಅಂತ ಇರಲಿಲ್ಲ. ಒಂದು ಕಂಪ್ಯೂಟರ್ ಪಕ್ಕದ್ದಕ್ಕೆ ದಾಟಿಸುತ್ತೆ, ಅದು ಇನ್ನೊಂದಕ್ಕೆ, ಕೆಲವು ಕಡೆ ರಾತ್ರಿ ಫೋನ್ ಲೈನ್ ಹಚ್ಚಿ ಎಲ್ಲವನ್ನೂ ಒಟ್ಟಿಗೆ ಎಳೆದುಕೊಳ್ಳುತ್ತಿದ್ದರು, ಹಾಗಾಗಿ ಒಬ್ಬರಿಗೆ ಇವತ್ತು ಕಂಡದ್ದು ಇನ್ನೊಬ್ಬರಿಗೆ ನಾಳೆಯೋ ನಾಡಿದ್ದೋ. ಅದಕ್ಕೇ ಮೊದಲ ಸಾಲಿನಲ್ಲಿ ಪೇಪರಿನ ಹೆಸರು, ಅದರ ತಾರೀಖು, ನಾನು ಟೈಪ್ ಮಾಡಿದ ಹೊತ್ತು ಬರೆಯಲು ಶುರು ಮಾಡಿದೆ.

ಇದು ಜಾಸ್ತಿ ಉಪಯೋಗಕ್ಕೆ ಬಂದದ್ದು ಮೇ 21ರಂದು. ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾದಾಗ ಅಲ್ಲಿ ರಾತ್ರಿ ಹತ್ತು ದಾಟಿತ್ತು, ನಮಗೆ ಮಧ್ಯಾಹ್ನ. ಗುಂಪಿನ ತುಂಬಾ ಊಹಾಪೋಹ. ನಾನು ಶಾರ್ಟ್‌ವೇವ್ ರೇಡಿಯೊ ಕಿವಿಗೆ ಹಿಡಿದು, ಬಿಬಿಸಿ ಹೇಳಿದ್ದನ್ನಷ್ಟೇ ಗಂಟೆ ನಿಮಿಷದ ಸಮೇತ ಹಾಕಿದೆ.

(ಅದೇ ವರ್ಷ ಆಗಸ್ಟ್ 6ರಂದು ಟಿಮ್ ಬರ್ನರ್ಸ್-ಲೀ ತಮ್ಮ ವರ್ಲ್ಡ್ ವೈಡ್ ವೆಬ್ ಬಗ್ಗೆ ಬರೆದದ್ದೂ ಯೂಸ್‌ನೆಟ್‌ನಲ್ಲೇ, ಆಲ್ಟ್.ಹೈಪರ್‌ಟೆಕ್ಸ್ಟ್ ಗುಂಪಿನಲ್ಲಿ. ನಾನು ಆ ಕಡೆ ತಲೆಯೇ ಹಾಕಿರಲಿಲ್ಲ.)

ಜೂನ್ 25ರಂದು ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಸಿಗಬೇಕು, ಕರ್ನಾಟಕ ತನ್ನ ನೀರಾವರಿಯನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದು. ಗುಂಪಿನಲ್ಲಿ ದೊಡ್ಡ ಜಗಳ. 205 ಎಲ್ಲರ ಬಾಯಲ್ಲೂ ಇತ್ತು, ಎಕರೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನಮ್ಮ ರೈತರಿಗೆ ಅದೂ ಅಷ್ಟೇ ದೊಡ್ಡ ಸುದ್ದಿ. ನಾನು ವಾದ ಬಿಟ್ಟು ಎರಡು ಅಂಕಿಯನ್ನೂ ಸುಮ್ನೆ ಹಾಗೇ ಹಾಕಿದೆ. ಎರಡು ದಿನ ಬಿಟ್ಟು ತಂಜಾವೂರು ಕಡೆಯವರೊಬ್ಬರು ಮೇಲ್ ಮಾಡಿದರು. ತಮ್ಮ ತಮಿಳು ಪೇಪರಿನ ವರದಿಯನ್ನು ಇಂಗ್ಲಿಷಿಗೆ ತಂದು ಟೈಪ್ ಮಾಡಿ ಕಳಿಸಿದ್ದರು. ಅದನ್ನೂ ನಮ್ಮದನ್ನೂ ಒಂದರ ಕೆಳಗೆ ಒಂದಿಟ್ಟು, ಎರಡು ತಾರೀಖನ್ನೂ ಬರೆದು, ಆ ರಾತ್ರಿಯೇ ಕಳಿಸಿದೆ.