ಶ್ರೀಲಂಕಾಕ್ಕೆ ಹೊರಡುವ ಮುನ್ನ: ಹಕ್ಕಿ ಕೈಪಿಡಿಯನ್ನು ನಾನು ಆರಿಸುವ ಕ್ರಮ

ಶ್ರೀಲಂಕಾಕ್ಕೆ ಹಕ್ಕಿ ನೋಡಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಮನೆಯಲ್ಲಿ ಗ್ರಿಮೆಟ್ ಮತ್ತು ಇನ್‌ಸ್ಕಿಪ್‌ ದಂಪತಿಯ ಉಪಖಂಡದ ಕೈಪಿಡಿ ಇದೆ, ಅದರಲ್ಲಿ ಶ್ರೀಲಂಕಾವೂ ಸೇರಿದೆ, ಮತ್ತೊಂದು ಪುಸ್ತಕ ಯಾಕೆ? ದ್ವೀಪಕ್ಕೆಂದೇ ಬರೆದ ಕೈಪಿಡಿ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮೊದಲ ಕಾರಣ ಚಿತ್ರಗಳಲ್ಲ, ನಕ್ಷೆ.

ಹಿಮಾಲಯದಿಂದ ಕೆಳಗಿನವರೆಗೆ ಎಲ್ಲವನ್ನೂ ಒಂದು ಪುಟ್ಟ ಚೌಕದಲ್ಲಿ ಹಿಡಿಸಿದ ನಕ್ಷೆಯಲ್ಲಿ ಶ್ರೀಲಂಕಾ ಸಾಸಿವೆ ಕಾಳಿನಷ್ಟಾಗಿಬಿಡುತ್ತದೆ. ಅಲ್ಲಿ ಬಣ್ಣ ತುಂಬಿದ್ದರೆ ಹಕ್ಕಿ ಇದೆ ಎಂದು ಗೊತ್ತಾಗುತ್ತದೆಯೇ ಹೊರತು ಎಲ್ಲಿದೆ ಎಂದಲ್ಲ. ಆದರೆ ಆ ದ್ವೀಪದಲ್ಲಿ ಹಕ್ಕಿಗಳ ಹಂಚಿಕೆ ನಿಂತಿರುವುದೇ ನೈಋತ್ಯದ ಮಳೆ ವಲಯ, ಉತ್ತರ ಮತ್ತು ಪೂರ್ವದ ಒಣ ವಲಯ, ನಡುವಿನ ಬೆಟ್ಟ ಸೀಮೆ ಎಂಬ ವಿಂಗಡಣೆಯ ಮೇಲೆ. ಮಳೆ ವಲಯದ ಸಿಂಹರಾಜ ಕಾಡಿನಲ್ಲಿ ಸಿಗುವ ಹಸಿರು ಕೊಕ್ಕಿನ ಕೆಂಬೂತವನ್ನು ಒಣ ವಲಯದ ಬುಂದಲದಲ್ಲಿ ಹುಡುಕಿ ಫಲವಿಲ್ಲ. ಡಲ್-ಬ್ಲೂ ಫ್ಲೈಕ್ಯಾಚರ್, ಹಳದಿ ಕಿವಿಯ ಪಿಕಳಾರ ಬೇಕಿದ್ದರೆ ನುವರ ಎಳಿಯ, ಹಾರ್ಟನ್ ಪ್ಲೇನ್ಸ್ ಕಡೆ ಹತ್ತಬೇಕು. ಹಾಗಾಗಿ ಪುಸ್ತಕ ಕೈಗೆ ಬಂದೊಡನೆ ನಾನು ತೆರೆಯುವುದು ಬೆಟ್ಟದ ಹಕ್ಕಿಯೊಂದರ ಪುಟ. ನಕ್ಷೆಯಲ್ಲಿ ಬೆಟ್ಟ ಸೀಮೆ ಬೇರೆಯಾಗಿ ಕಾಣಬೇಕು, ಪಠ್ಯದಲ್ಲಿ ಎತ್ತರ ಮೀಟರ್‌ನಲ್ಲಿ ಇರಬೇಕು. ಎರಡೂ ಇಲ್ಲದಿದ್ದರೆ ಅದನ್ನು ಪಕ್ಕಕ್ಕಿಡುತ್ತೇನೆ.

ಎರಡನೆಯ ಪರೀಕ್ಷೆ ಮರಕುಟಿಗಗಳ ಪುಟ. ಇದಕ್ಕೆ ಸ್ವಲ್ಪ ಸಮಯ ಕೊಡಿ, ಪುಸ್ತಕದ ಯೋಗ್ಯತೆ ಇಲ್ಲೇ ತಿಳಿಯುತ್ತದೆ. ಕರ್ನಾಟಕದಲ್ಲಿ ನಾವು ನೋಡುವ ಬ್ಲ್ಯಾಕ್-ರಂಪ್ಡ್ ಫ್ಲೇಮ್‌ಬ್ಯಾಕ್, ಪಶ್ಚಿಮ ಘಟ್ಟದ ಗ್ರೇಟರ್ ಫ್ಲೇಮ್‌ಬ್ಯಾಕ್ ಎರಡಕ್ಕೂ ಹೊನ್ನಿನ ಬೆನ್ನು. ಶ್ರೀಲಂಕಾದಲ್ಲಿ ಇವುಗಳ ಜಾಗದಲ್ಲಿರುವ ರೆಡ್-ಬ್ಯಾಕ್ಡ್ ಮತ್ತು ಕ್ರಿಮ್ಸನ್-ಬ್ಯಾಕ್ಡ್ ಎರಡರ ಬೆನ್ನೂ ಕೆಂಪು. ಬೆನ್ನು ನೋಡಿ ಗುರುತಿಸುವ ನಮ್ಮ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ನೋಡಬೇಕಾದದ್ದು ಕೊಕ್ಕು: ಕ್ರಿಮ್ಸನ್-ಬ್ಯಾಕ್ಡ್‌ಗೆ ದಂತದ ಬಣ್ಣದ ದೊಡ್ಡ ಕೊಕ್ಕು, ರೆಡ್-ಬ್ಯಾಕ್ಡ್‌ಗೆ ಕಪ್ಪು ಕೊಕ್ಕು. ಇದರ ಮೇಲೆ ದ್ವೀಪದ ಉತ್ತರ ತುದಿಯಲ್ಲಿ ಹೊನ್ನಿನ ಬೆನ್ನಿನದೂ ಇದೆ, ಅದು ಮತ್ತು ಕೆಂಪು ಬೆನ್ನಿನದು ಸಂಧಿಸುವಲ್ಲಿ ಮಿಶ್ರ ತಳಿಗಳೂ ಕಾಣುತ್ತವೆ. ಒಳ್ಳೆಯ ಕೈಪಿಡಿ ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ, ಒಂದೇ ಭಂಗಿಯಲ್ಲಿ, ಗಂಡು ಹೆಣ್ಣು ಎರಡನ್ನೂ ಬರೆದು ತೋರಿಸುತ್ತದೆ. ಫೋಟೊ ಪುಸ್ತಕಗಳಿಗೆ ಇದು ಸಾಧ್ಯವಾಗುವುದು ಅಪರೂಪ. ಒಂದು ಬಿಸಿಲಿನಲ್ಲಿ, ಇನ್ನೊಂದು ನೆರಳಿನಲ್ಲಿ ತೆಗೆದ ಚಿತ್ರವಾದರೆ ಕೆಂಪಿಗೂ ಕೆಂಪಿಗೂ ಹೋಲಿಕೆಯೇ ಕೂಡಿಬರುವುದಿಲ್ಲ. ಫೋಟೊ ಪುಸ್ತಕವನ್ನು ಎರಡನೆಯದಾಗಿ ಇಟ್ಟುಕೊಳ್ಳಿ, ಒಂದೇ ಪುಸ್ತಕ ಒಯ್ಯುವುದಾದರೆ ಅದು ಬೇಡ.

ಆಮೇಲೆ ಆವೃತ್ತಿ. ಹಳೆಯ ಪ್ರತಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಮುದ್ರಣದ ವರ್ಷವನ್ನು ನೋಡಲೇಬೇಕು. ಸೆರೆಂಡಿಬ್ ಸ್ಕಾಪ್ಸ್ ಗೂಬೆ ವಿಜ್ಞಾನಕ್ಕೆ ಹೊಸ ಪ್ರಭೇದವೆಂದು ಪ್ರಕಟವಾದದ್ದು 2004ರಲ್ಲಿ. ಜಾನ್ ಹ್ಯಾರಿಸನ್ ಮತ್ತು ಟಿಮ್ ವರ್ಫೋಕ್ ಅವರ ಕೈಪಿಡಿಯ ಮೊದಲ ಆವೃತ್ತಿ 1999ರದು, ಅದರಲ್ಲಿ ಆ ಹೆಸರನ್ನು ಹುಡುಕುವಂತಿಲ್ಲ. ಕೊಳ್ಳುವುದಾದರೆ 2011ರ ಎರಡನೆಯ ಆವೃತ್ತಿ ಕೊಳ್ಳಿ. ಆ ಗೂಬೆಯನ್ನು ಕಂಡುಹಿಡಿದ ದೀಪಾಲ್ ವರಕಾಗೊಡ ಅವರೇ ಸಹಲೇಖಕರಾಗಿರುವ, ಹೆಲ್ಮ್ ಪ್ರಕಟಿಸಿದ 2012ರ ಕೈಪಿಡಿ ನನ್ನ ಮೊದಲ ಆಯ್ಕೆ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ: ಮುನ್ನುಡಿಯಲ್ಲಿ ಸ್ಥಳೀಯ, ಅಂದರೆ ಶ್ರೀಲಂಕಾದಲ್ಲಿ ಮಾತ್ರ ಇರುವ, ಪ್ರಭೇದಗಳ ಸಂಖ್ಯೆ ನೋಡಿ. ಈಗ ಅವು 30ಕ್ಕೂ ಹೆಚ್ಚು. ಅದಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಪ್ರಭೇದಗಳ ಹಳೆಯ ವಿಂಗಡಣೆ ಎಂದರ್ಥ.

ಹಳೆಯ ವಿಂಗಡಣೆಯ ತೊಂದರೆ ಬರುವುದು ಪಟ್ಟಿ ಮಾಡುವಾಗ. ನಮ್ಮ ಘಟ್ಟದ ಕೆಂಪು ಕೊರಳಿನ ಪಿಕಳಾರ, ಲಂಕೆಯ ಹಳದಿ ಕೊರಳಿನ ಪಿಕಳಾರ ಎರಡೂ ಹಿಂದೆ ಬ್ಲ್ಯಾಕ್-ಕ್ರೆಸ್ಟೆಡ್ ಬುಲ್‌ಬುಲ್ ಎಂಬ ಒಂದೇ ಶೀರ್ಷಿಕೆಯಡಿ ಇದ್ದವು. ಹಕ್ಕಿ ನೋಡುವವರು ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಈಗ ಅವು ಬೇರೆ ಬೇರೆ ಪ್ರಭೇದ. ಇಂಗ್ಲಿಷ್ ಹೆಸರು ಹೊಂದದಿದ್ದರೆ ವೈಜ್ಞಾನಿಕ ಹೆಸರಿನ ಎರಡನೆಯ ಪದ ಹಿಡಿದು ಹುಡುಕಿ. ಕುಟ್ರುಹಕ್ಕಿಗಳ ಮೊದಲ ಪದ ಮೆಗಲೈಮಾದಿಂದ ಸೈಲೊಪೋಗನ್‌ಗೆ ಬದಲಾಗಿದೆ, ಆದರೆ ಅವುಗಳಲ್ಲೊಂದರ ಎರಡನೆಯ ಪದ ರುಬ್ರಿಕಾಪಿಲಸ್ ಹಾಗೇ ಉಳಿದಿದೆ. ಆ ಪದದ ಕೊನೆಯ ಅಕ್ಷರ ಕೆಲವೊಮ್ಮೆ ಬದಲಾಗುತ್ತದೆ, ಅಷ್ಟನ್ನು ಗಮನದಲ್ಲಿಡಿ.

ಪಠ್ಯದ ಆಳ ತಿಳಿಯಲು ರಾಜಹಕ್ಕಿಯ (ಪ್ಯಾರಡೈಸ್ ಫ್ಲೈಕ್ಯಾಚರ್) ಪುಟ ಓದುತ್ತೇನೆ. ದ್ವೀಪದಲ್ಲೇ ನೆಲೆಸಿದ ಉಪಪ್ರಭೇದದ ಗಂಡು ಬಿಳಿಯಾಗುವುದೇ ಇಲ್ಲ. ಬಿಳಿ ಗಂಡು ಕಂಡರೆ ಅದು ಚಳಿಗಾಲದಲ್ಲಿ ಭಾರತದಿಂದ ಬಂದದ್ದು. ಈ ಸಂಗತಿ ಬರೆದಿದ್ದರೆ ಲೇಖಕರು ಆ ನೆಲವನ್ನು ಬಲ್ಲವರು ಎಂದು ನಂಬಬಹುದು.

ಗಾತ್ರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸೊಂಟದ ಚೀಲದಲ್ಲಿ ಕೂರಬೇಕು, ಒಂದೇ ಕೈಯಲ್ಲಿ ತೆರೆಯಲು ಬರಬೇಕು. ಇನ್ನೊಂದು ಕೈ ಬೈನಾಕ್ಯುಲರ್‌ಗೆ. ಸಿಂಹರಾಜದಲ್ಲಿ ಯಾವಾಗ ಬೇಕಾದರೂ ಮಳೆ ಸುರಿಯುತ್ತದೆ. ನುಣುಪು ಕಾಗದದ ಹಾಳೆಗಳು ಒದ್ದೆಯಾಗಿ ಹಾಗೇ ಒಣಗಿದರೆ ಒಂದಕ್ಕೊಂದು ಅಂಟಿ, ಬಿಡಿಸುವಾಗ ಬಣ್ಣ ಕಿತ್ತುಬರುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲ ಎರಡು ಒಯ್ಯಿರಿ, ಒಂದು ಜಿಗಣೆ ಕಾಲುಚೀಲಕ್ಕೆ ಹಾಕುವ ಉಪ್ಪಿಗಾದರೂ ಆಗುತ್ತದೆ. ಒದ್ದೆಯಾದರೆ ಅದೇ ರಾತ್ರಿ ಹಾಳೆಗಳ ನಡುವೆ ಟಿಶ್ಯೂ ಇಟ್ಟು ಫ್ಯಾನಿನ ಕೆಳಗೆ ನಿಲ್ಲಿಸಿ.

ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಇದ್ದರೆ ಪುಸ್ತಕ ಬೇಡವೆನ್ನುವವರಿದ್ದಾರೆ. ಕೂಗು ಕೇಳಲು ಅದು ಬೇಕು, ಶ್ರೀಲಂಕಾ ಒಳಗೊಂಡ ಪ್ಯಾಕನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ, ನೂರಾರು ಎಂಬಿ ಇರುತ್ತದೆ. ಆದರೆ ನಾಲ್ಕು ಹಕ್ಕಿಗಳನ್ನು ಒಟ್ಟಿಗೆ ಕಣ್ಣೆದುರು ಇಟ್ಟು ಹೋಲಿಸಲು ಫೋನಿನ ಪರದೆ ಸಾಲದು. ಹೊರಡುವ ವಾರ ನಾನು ಇ-ಬರ್ಡ್‌ನ ಬಾರ್ ಚಾರ್ಟ್ (ಯಾವ ಹಕ್ಕಿ ಯಾವ ತಿಂಗಳು ಎಷ್ಟು ಕಾಣುತ್ತದೆಂದು ತೋರಿಸುವ ಪಟ್ಟಿಗಳು) ತೆರೆದು, ಹೋಗುವ ತಿಂಗಳಲ್ಲಿ ಪಟ್ಟಿ ದಪ್ಪಗಿರುವ ಹಕ್ಕಿಗಳಿಗೆ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕುತ್ತೇನೆ. ನವರಂಗ, ಕಾಶ್ಮೀರ್ ಫ್ಲೈಕ್ಯಾಚರ್, ಪೈಡ್ ಥ್ರಷ್‌ನಂಥವು ಚಳಿಗಾಲಕ್ಕಷ್ಟೇ ಬರುವುದರಿಂದ, ಜುಲೈನಲ್ಲಿ ಹೋಗುವವರು ಆ ಪುಟಗಳನ್ನು ಬಿಟ್ಟು ಸ್ಥಳೀಯ ಪ್ರಭೇದಗಳ ಪುಟಗಳಿಗೇ ಬಣ್ಣದ ಚೀಟಿ ಅಂಟಿಸಿಕೊಳ್ಳಬಹುದು.